ಪಿಟೀಲು ಕೋಣೆಯ ಬೀಗದ ಕೈ

ನಮ್ಮ ಶಾಲೆಯ ಪ್ರಾರ್ಥನಾ ಹಾಲಿನ ಹಿಂದೆ ಆಟದ ಸಾಮಾನು ತುಂಬಿಡುವ ಚಿಕ್ಕ ಕೋಣೆಯೊಂದಿತ್ತು. ವಾಲಿಬಾಲ್ ನೆಟ್ಟು, ಸುಣ್ಣದ ಡಬ್ಬ, ಧ್ವಜದ ಬಿದಿರು ಗಳ, ಇವುಗಳ ನಡುವೆ ಗೋಡೆಯ ಬೀರುವಿನಲ್ಲಿ ಮೂರು ಪಿಟೀಲು. ಕಲಿಯುವವರು ನಾವು ಒಂಬತ್ತು ಮಂದಿ. ಮೂವರಿಗೆ ಒಂದು. ಒಬ್ಬರು ನುಡಿಸುವಾಗ ಉಳಿದಿಬ್ಬರು ತೊಡೆ ತಟ್ಟಿ ತಾಳ ಹಾಕುತ್ತಾ ಸ್ವರ ಹೇಳಬೇಕು ಎಂದು ಮೇಷ್ಟ್ರು ಕಟ್ಟುನಿಟ್ಟು ಮಾಡಿದ್ದರು. ಪಿಟೀಲು ಕೈಗೆ ಸಿಗದ ದಿನವೂ ಮಾಯಾಮಾಳವಗೌಳ ರಾಗ ಬಾಯಲ್ಲೇ ಇರುತ್ತಿತ್ತು.

ನನ್ನ ಗುಂಪಿನ ಹುಡುಗಿಯೊಬ್ಬಳ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು. ಅವಳೂ ಒಂದಷ್ಟು ಕಡ್ಡಿ ಹೊಸೆದೇ ಶಾಲೆಗೆ ಬರಬೇಕು. ಎಷ್ಟು ಉಜ್ಜಿ ತೊಳೆದರೂ ಇದ್ದಿಲ ಕಪ್ಪು ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಅವಳ ಸರದಿ ಮುಗಿದು ಪಿಟೀಲು ನನ್ನ ಕೈಗೆ ಬಂದಾಗ, ಹೆಬ್ಬೆರಳು ಆನುವ ಜಾಗದಲ್ಲಿ ಕಪ್ಪು ಗುರುತು. ಸುಗಂಧಕ್ಕೆ ಅದ್ದುವ ಮುಂಚಿನ ಹಸಿ ಜಿಗಟಿನ ವಾಸನೆ. ಅದು ನನಗೆ ಇವತ್ತಿಗೂ ಪಿಟೀಲಿನದೇ ವಾಸನೆ.

ಎಂಟನೇ ತರಗತಿಯಲ್ಲಿ ಅವಳು ಬರುವುದು ನಿಲ್ಲಿಸಿದಳು. ಶಾಲೆ ಬಿಟ್ಟ ಮೇಲಿನ ಆ ಒಂದು ಗಂಟೆ ಅವರ ಮನೆಗೆ ದುಡಿಮೆಯ ಗಂಟೆ. ಮೇಷ್ಟ್ರು ಸತತ ಮೂರು ಸಂಜೆ ಸೈಕಲ್ ತುಳಿದುಕೊಂಡು ಅವರ ಮನೆಗೆ ಹೋದರು. ಮೂರನೇ ದಿನ ನಾನೂ ಜೊತೆಗಿದ್ದೆ. ಸಂಗೀತದ ಮಾತನ್ನೇ ಅವರು ಎತ್ತಲಿಲ್ಲ. ಜಗಲಿಯ ಮೇಲೆ ಕೂತು, "ನಿಮಗೆ ಯಾವ ಹೊತ್ತು ಬಿಡುವಮ್ಮ?" ಅಂದರು. ಬೆಳಿಗ್ಗೆ ಆರೂವರೆ, ಕೆಲಸಕ್ಕೆ ಕೂರುವ ಮೊದಲು ಎಂದರು ಅವಳ ಅಮ್ಮ. ಮರುದಿನದಿಂದ ಒಂಬತ್ತೂ ಮಂದಿಗೆ ಆರೂವರೆಗೇ ಪಾಠ.

ಮೇಷ್ಟ್ರು ಮಾಡಿದ ಆ ಕೆಲಸದ ತೂಕ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. 2009ರ ಅಕ್ಟೋಬರ್ 3ರಂದು, ಲಾಸ್ ಏಂಜಲೀಸಿನಲ್ಲಿ ಓದುತ್ತಿದ್ದ ನಾನು ಹಾಲಿವುಡ್ ಬೌಲ್ ಬಯಲು ರಂಗಮಂದಿರದ ತೀರಾ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪ್ರವೇಶ ಉಚಿತ. ಊರಿನ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾಕ್ಕೆ ಸಂಗೀತ ನಿರ್ದೇಶಕರಾಗಿ ಹೊಸದಾಗಿ ಬಂದಿದ್ದ ಗುಸ್ತಾವೊ ದುದಾಮೆಲ್, ಆಗಿನ್ನೂ 28ರ ತರುಣ, ಬೀಥೋವನ್‌ನ ಒಂಬತ್ತನೇ ಸಿಂಫನಿಗೆ ಮುಂಚೆ ದಕ್ಷಿಣ ಲಾಸ್ ಏಂಜಲೀಸಿನ ಮಕ್ಕಳನ್ನು ವೇದಿಕೆಯಲ್ಲಿ ಕೂರಿಸಿ ಅದೇ ಸಿಂಫನಿಯ ಕೊನೆಯ ಧಾಟಿಯನ್ನು ಅವರಿಂದ ನುಡಿಸಿದರು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ದುದಾಮೆಲ್ ಬೆಳೆದದ್ದು ವೆನೆಜುವೆಲಾದ 'ಎಲ್ ಸಿಸ್ಟೆಮಾ' ಎಂಬ ಮಕ್ಕಳ ಆರ್ಕೆಸ್ಟ್ರಾ ಯೋಜನೆಯಲ್ಲಿ. ಅರ್ಥಶಾಸ್ತ್ರಜ್ಞರೂ ಸಂಗೀತಗಾರರೂ ಆಗಿದ್ದ ಹೊಸೆ ಆಂತೋನಿಯೊ ಅಬ್ರೆಯು 1975ರಲ್ಲಿ ಕರಾಕಸ್ ನಗರದ ಒಂದು ಗ್ಯಾರೇಜಿನಲ್ಲಿ ಅದನ್ನು ಶುರುಮಾಡಿದರು. ನೂರು ಮಕ್ಕಳು ಬರುತ್ತಾರೆಂದು ದಾನವಾಗಿ ಬಂದ, ಸ್ವರಲಿಪಿಯ ಹಾಳೆ ಇಡುವ 50 ಸ್ಟ್ಯಾಂಡುಗಳಿದ್ದವು. ಮೊದಲ ದಿನ ಬಂದವರು 11 ಮಂದಿ. ಮುಂದೆ ಅದು ಲಕ್ಷಾಂತರ ಮಕ್ಕಳ ವಾದ್ಯಶಾಲೆಯಾಗಿ ದೇಶದ ತುಂಬ ಹಬ್ಬಿತು. ಅಲ್ಲಿ ಪುಟ್ಟ ಮಕ್ಕಳು ಮೊದಲು ರಟ್ಟು ಕಾಗದದ ಪಿಟೀಲು ಮಾಡಿ ಹಿಡಿಯುವುದನ್ನು ಕಲಿಯುತ್ತಾರೆ, ನಿಜವಾದ ವಾದ್ಯ ಆಮೇಲೆ. ನಮ್ಮ ತೊಡೆ ತಾಳಕ್ಕೂ ಅದಕ್ಕೂ ಏನೂ ದೂರವಿಲ್ಲ.

ನೂರು ಮಕ್ಕಳಿಗೆ 50 ಸ್ಟ್ಯಾಂಡು ಏಕೆಂದರೆ ತಂತಿವಾದ್ಯದವರು ಇಬ್ಬಿಬ್ಬರು ಒಂದೇ ಸ್ಟ್ಯಾಂಡಿನಿಂದ ಓದುತ್ತಾರೆ. ನಾನು ಈಗ ಆರ್ಕೆಸ್ಟ್ರಾದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುತ್ತೇನೆ, ಶ್ರೋತೃಗಳಿಂದ ದೂರದ ಒಳಬದಿಯ ಕುರ್ಚಿಯಲ್ಲಿ. ಪುಟ ತಿರುಗಿಸುವ ಕೆಲಸ ಒಳಬದಿಯವರದು. ಕಮಾನು ಇಳಿಸಿ, ಒಂದೆರಡು ಸ್ವರ ಬಿಟ್ಟು, ಪುಟ ತಿರುಗಿಸಬೇಕು, ಪಕ್ಕದವರ ನಾದ ಕಡಿಯದಂತೆ. ಕಾಲ ಮೇಲೆ ಪಿಟೀಲಿಟ್ಟು ಗಮಕ ಕಲಿತವನಿಗೆ ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಹೋಗಬೇಕೆಂಬುದು ಮೊದಮೊದಲು ಸೆರೆಮನೆಯಂತೆ ಕಂಡಿತ್ತು. ಪುಟ ತಿರುಗಿಸುವುದನ್ನು ಕಲಿತ ಮೇಲೆ ಆ ಭಾವ ಹೋಯಿತು. ಆರ್ಕೆಸ್ಟ್ರಾ ಮಕ್ಕಳಿಗೆ ಬರೀ ವಿಧೇಯತೆ ಕಲಿಸುತ್ತದೆ ಎಂದು ಬ್ರಿಟಿಷ್ ಸಂಶೋಧಕ ಜೆಫ್ರಿ ಬೇಕರ್ 2014ರಲ್ಲಿ ಎಲ್ ಸಿಸ್ಟೆಮಾವನ್ನು ಕಟುವಾಗಿ ಟೀಕಿಸಿದ್ದರು. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆರ್ಕೆಸ್ಟ್ರಾ ನಡೆಸುವ ಕೋಲು ಹಿಡಿದವರು ಎಂಥವರು ಎಂಬುದರ ಮೇಲೆ ಅದು ನಿಂತಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. 2017ರಲ್ಲಿ ಅದೇ ಎಲ್ ಸಿಸ್ಟೆಮಾದ 16 ಕೇಂದ್ರಗಳಲ್ಲಿ ಸುಮಾರು 2,900 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮಕ್ಕಳ ಸಂಯಮ ಸ್ವಲ್ಪ ಹೆಚ್ಚಿತ್ತು, ಮನೆಯಲ್ಲಿ ಹೊಡೆತ ಬಡಿತ ಕಂಡ ಹುಡುಗರ ಒರಟುತನ ತಗ್ಗಿತ್ತು. ಆದರೆ ಆ ಮಕ್ಕಳಲ್ಲಿ ಬಡವರು ಶೇ. 16.7 ಮಾತ್ರ. ಅವರು ವಾಸವಿದ್ದ ರಾಜ್ಯಗಳಲ್ಲಿ ಬಡತನ ಶೇ. 46.5. ಬಾಗಿಲು ತೆರೆದೇ ಇತ್ತು, ಯಾರಿಗಾಗಿ ತೆರೆದಿದ್ದರೋ ಅವರಲ್ಲಿ ಬಹಳ ಮಂದಿ ಒಳಗೆ ಬಂದಿರಲಿಲ್ಲ.

ನಾನು ಪಾಠ ಹೇಳುತ್ತಿದ್ದ ಒಂದು ಕಡೆಯೂ ಹೀಗೇ ಆಯಿತು. ಅರ್ಜಿ ಮೂರು ಪುಟ, ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದ್ದ ತಂದೆತಾಯಿಗಳು ಒಂದೇ ದಿನದಲ್ಲಿ ಜಾಗ ತುಂಬಿಸಿದರು. ಎರಡು ಪಾಳಿ ದುಡಿಯುವವರ ಮಕ್ಕಳು ಹೊರಗುಳಿದರು. ಅವತ್ತು ರಾತ್ರಿ ನಿದ್ದೆ ಹತ್ತದೆ ಮಲಗಿದ್ದಾಗ ಮೇಷ್ಟ್ರ ಸೈಕಲ್ಲು ನೆನಪಾಯಿತು. ಈಗ ಪ್ರತಿ ವರ್ಷ ಪಾಠ ಶುರುವಾಗುವ ಮುಂಚೆ ಎರಡು ವಾರ ಮನೆಮನೆಗೆ ಹೋಗುತ್ತೇನೆ. ಮೊದಲು ಕೇಳುವುದು ಒಂದೇ: ಯಾವ ಹೊತ್ತು ಬಿಡುವು?

ಕಳೆದ ವರ್ಷ ಊರಿಗೆ ಬಂದಾಗ ಆ ಗೆಳತಿಯನ್ನು ಸಂತೆಯಲ್ಲಿ ಕಂಡೆ. ಹತ್ತನೇ ತರಗತಿ ಆದಮೇಲೆ ಅವಳು ಪಿಟೀಲು ಮುಟ್ಟಿಲ್ಲ. ಕ್ಷೇಮಸಮಾಚಾರಕ್ಕೂ ಮುಂಚೆ ಕೇಳಿದಳು: "ನಮ್ಮ ಪಿಟೀಲಿನ ಪಂಚಮದ ತಂತಿ ಬಿಗಿಯೋ ಬಿರಡೆ ಜಾರ್ತಿತ್ತಲ್ಲ, ಈಗಲೂ ಜಾರುತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಶಾಲೆಗೆ ಹೋಗಿ ನೋಡಿದರೆ ಕೋಣೆಗೆ ಬೀಗ. ಮೇಷ್ಟ್ರು ತೀರಿಕೊಂಡ ಮೇಲೆ ತೆರೆದಿಲ್ಲವಂತೆ.

ಡಿಸೆಂಬರಿನಲ್ಲಿ ಮೂರು ವಾರ ರಜೆ ಹಾಕಿ ಬರುತ್ತಿದ್ದೇನೆ. ಮೂರು ಜೊತೆ ತಂತಿ, ರಾಳ, ಎರಡು ಕಮಾನು ತರುತ್ತೇನೆ. ಬೆಳಿಗ್ಗೆ ಆರೂವರೆಯಾದರೂ ಸರಿ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಈ ಸಂಚಿಕೆ ಓದಿದವರು ದಯವಿಟ್ಟು ಕಚೇರಿಗೆ ತಿಳಿಸಿ. ಜಾರುವ ಬಿರಡೆಗೆ ಮೇಷ್ಟ್ರು ಹಚ್ಚುತ್ತಿದ್ದದ್ದು ಸೀಮೆಸುಣ್ಣ, ಅದು ಶಾಲೆಯಲ್ಲೇ ಇರುತ್ತದೆ.