ಮೊದಲ ಹೆಣ ಬೀಳುವವರೆಗೆ

ಡಯಾಬ್ಲೊ 2 ಕಂಪ್ಯೂಟರ್ ಆಟದಲ್ಲಿ ಹೆಣಗಳಿಂದ ಅಸ್ಥಿಪಂಜರಗಳ ದಂಡು ಕಟ್ಟುವ ಮಂತ್ರವಾದಿ ನೆಕ್ರೊಮ್ಯಾನ್ಸರನನ್ನು ಆಡಿಸುವವರಿಗೆ ಗೇಮ್ ತೆರೆದಾಗಲೆಲ್ಲ ಅದೇ ಪಾಡು. ನಿನ್ನೆ ಮುಗಿಸುವಾಗ ಬೆನ್ನ ಹಿಂದೆ ಏಳೆಂಟು ಎಲುಬಿನ ಸೈನಿಕರು ಗಲಗಲ ಎನ್ನುತ್ತಿದ್ದರು, ಇವತ್ತು ಊರ ನಡುವೆ ಆಸಾಮಿ ಒಬ್ಬನೇ. ಸೇವ್ ಮಾಡಿ ಹೊರಬಂದರೆ ಎಬ್ಬಿಸಿದ ಪಡೆಯೆಲ್ಲ ಮಣ್ಣುಪಾಲು. ಕೂಲಿ ಸೈನಿಕ ಉಳಿಯುತ್ತಾನೆ, ಕಬ್ಬಿಣದ ಗೊಂಬೆ ಐರನ್ ಗೋಲೆಮ್ ಇದ್ದರೆ ಅದೂ ಉಳಿಯುತ್ತದೆ, ಅಷ್ಟೇ. 2000ದಲ್ಲಿ ಬಂದ ಮೂಲ ಆಟದಲ್ಲೂ ಹೀಗೇ, 2021ರ ರಿಸರೆಕ್ಟೆಡ್ ಆವೃತ್ತಿಯಲ್ಲೂ ಹೀಗೇ.

ಹೊಸಬರು ಎಡವುವುದು ಇಲ್ಲೇ. ನಿನ್ನೆ ಎಲ್ಲಿ ಬಿಟ್ಟಿದ್ದರೋ ಆ ವೇಪಾಯಿಂಟ್‌ಗೇ (ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿಸುವ ತಾಣ) ನೆಟ್ಟಗೆ ಹೋಗಿ ಇಳಿಯುತ್ತಾರೆ. ಅಲ್ಲಿನ ಶತ್ರುಗಳು ಗಟ್ಟಿ, ಕೈಯಲ್ಲಿ ಪಡೆ ಇಲ್ಲ, ಪಡೆ ಕಟ್ಟೋಣವೆಂದರೆ ಒಂದೂ ಹೆಣ ಇಲ್ಲ. ಹೆಣ ಬೀಳಿಸಲು ಪಡೆ ಬೇಕು, ಪಡೆ ಕಟ್ಟಲು ಹೆಣ ಬೇಕು. ಪರಿಹಾರ ಸುಲಭ: ಮೊದಲು ಆ್ಯಕ್ಟ್ 1ರ (ಆಟದ ಮೊದಲ ಭಾಗ) ಕೋಲ್ಡ್ ಪ್ಲೇನ್ಸ್‌ಗೆ ಹೋಗಿ, ಅಲ್ಲಿನ ಬಡಪಾಯಿಗಳನ್ನು ಕೂಲಿ ಸೈನಿಕನ ಕೈಲಿ ಕೊಲ್ಲಿಸಿ, ಲೆಕ್ಕ ಭರ್ತಿಯಾಗುವವರೆಗೆ ಎಬ್ಬಿಸಿಕೊಂಡು, ಅದೇ ವೇಪಾಯಿಂಟ್‌ನಿಂದ ಬೇಕಾದ ಕಡೆಗೆ ಹೊರಡಿ. ಪಡೆ ಪೂರ್ತಿ ಜೊತೆಗೇ ಬರುತ್ತದೆ. ಅಸ್ಥಿಪಂಜರದ ಬಲ ನಿಂತಿರುವುದು ನಿಮ್ಮ ಸ್ಕಿಲ್ ಮೇಲೆ, ಯಾರ ಹೆಣ ಎಂಬುದರ ಮೇಲಲ್ಲ. ಮುಳ್ಳುಹಂದಿಯಂಥ ಕ್ವಿಲ್ ರ‍್ಯಾಟ್‌ನ ಹೆಣದಿಂದ ಎದ್ದವನೂ ಆ್ಯಕ್ಟ್ 5ರ ದೈತ್ಯನ ಹೆಣದಿಂದ ಎದ್ದವನೂ ಒಂದೇ ತೂಕ. ಸತ್ತ ಪ್ರಾಣಿಯನ್ನೇ ಅದರ ಬಲದ ಸಮೇತ ಎಬ್ಬಿಸುವ ರಿವೈವ್‌ಗೆ ಮಾತ್ರ ಈ ಮಾತು ಸಲ್ಲದು. ಅದು ಬರುವುದು 30ನೇ ಲೆವೆಲ್‌ಗೆ, ಎದ್ದವರು ನಿಲ್ಲುವುದು 180 ಸೆಕೆಂಡ್. ಲೆವೆಲ್ ಏರಿಸುವ ದಿನಗಳಲ್ಲಿ ಅದನ್ನು ಮರೆತರೂ ನಷ್ಟವಿಲ್ಲ.

ಒಂದನೇ ಲೆವೆಲ್‌ನಿಂದ ಶುರು ಮಾಡುವಾಗ ಕೈಯಲ್ಲಿರುವ ಮಂತ್ರದಂಡವನ್ನು ಮಾರಬೇಡಿ. ಅಸ್ಥಿಪಂಜರ ಎಬ್ಬಿಸುವ ಸ್ಕಿಲ್ ರೇಸ್ ಸ್ಕೆಲಿಟನ್‌ಗೆ ಒಂದು ಹೆಚ್ಚುವರಿ ಪಾಯಿಂಟ್ ಅದರಲ್ಲೇ ಇರುತ್ತದೆ, ಹಾಗಾಗಿ ಒಂದೂ ಪಾಯಿಂಟ್ ಹಾಕದೆ ಮೊದಲ ಸೈನಿಕ ಏಳುತ್ತಾನೆ. ಆದರೆ ಆ ಮೊದಲ ಹೆಣವನ್ನು ಅದೇ ಕೋಲಿನಿಂದ ಬಡಿದು ನೀವೇ ಬೀಳಿಸಬೇಕು. ಬ್ಲಡ್ ಮೂರ್‌ನಲ್ಲಿ ಕುಂಟುತ್ತ ಬರುವ ಜೋಂಬಿ ಇದಕ್ಕೆ ಹೇಳಿ ಮಾಡಿಸಿದ ಗಿರಾಕಿ. ಆರಂಭದ ಮಾನಾ (ಮಂತ್ರಕ್ಕೆ ಖರ್ಚಾಗುವ ಶಕ್ತಿ) 25, ಒಂದು ಸಲ ಎಬ್ಬಿಸಲು ಖರ್ಚು 6. ನಾಲ್ಕು ಸಲ ಎಬ್ಬಿಸಿದರೆ ಗಡಿಗೆ ಖಾಲಿ. ಹೆಣ ಕಂಡಲ್ಲೆಲ್ಲ ಮಂತ್ರ ಊದುತ್ತ ಹೋಗುವುದಲ್ಲ, ಸೈನಿಕ ಸತ್ತಾಗ ಮಾತ್ರ.

ಇದಕ್ಕೊಂದು ಅಪವಾದವಿದೆ. ಡೆನ್ ಆಫ್ ಈವಿಲ್ ಗುಹೆಯಲ್ಲಿ ಫಾಲನ್ ಕುಳ್ಳರ ಹಿಂದೆ ಅವರ ಶಾಮನ್ ನಿಂತಿರುತ್ತಾನೆ. ಸತ್ತ ಕುಳ್ಳರನ್ನು ಅವನೂ ಎಬ್ಬಿಸುತ್ತಾನೆ, ಆದರೆ ಅವನಿಗೂ ಹೆಣವೇ ಬೇಕು. ನೀವು ಮೊದಲು ಆ ಹೆಣವನ್ನು ಬಳಸಿಬಿಟ್ಟರೆ ಅವನ ಕೈ ಖಾಲಿ. ಉಳಿದ ಪಾತ್ರಗಳು ಶಾಮನ್‌ನನ್ನು ಅಟ್ಟಿಸಿಕೊಂಡು ಓಡುವಾಗ ನೆಕ್ರೊಮ್ಯಾನ್ಸರ್ ಅವನ ಬಂಡವಾಳವನ್ನೇ ಎತ್ತಿಕೊಳ್ಳುತ್ತಾನೆ. ಆಟದ ಮೊದಲ ಅರ್ಧ ಗಂಟೆಯಲ್ಲಿ ಇದಕ್ಕಿಂತ ಸೊಗಸಾದ ಪಾಠ ಇನ್ನೊಂದಿಲ್ಲ. ಗುಹೆ ಖಾಲಿ ಮಾಡಿದರೆ ಊರಿನಲ್ಲಿರುವ ಅಕಾರಾ ಒಂದು ಸ್ಕಿಲ್ ಪಾಯಿಂಟ್ ಕೊಡುತ್ತಾಳೆ, ಜೊತೆಗೆ ಎಲ್ಲ ಪಾಯಿಂಟ್ ವಾಪಸ್ ಪಡೆದು ಹೊಸದಾಗಿ ಹಂಚುವ ಅವಕಾಶ ಒಂದು ಸಲ. ಹಾಗಾಗಿ ಶುರುವಿನಲ್ಲಿ ಒಂದೆರಡು ಪಾಯಿಂಟ್ ಎಲ್ಲೋ ಹೋದರೆ ತಲೆ ಚಚ್ಚಿಕೊಳ್ಳಬೇಕಿಲ್ಲ.

ಈಗ ಪಾಯಿಂಟ್ ಲೆಕ್ಕ. ರೇಸ್ ಸ್ಕೆಲಿಟನ್‌ನ ಮೊದಲ ಮೂರು ಪಾಯಿಂಟ್‌ಗೆ ತಲಾ ಒಬ್ಬ ಸೈನಿಕ. ಆಮೇಲೆ ಮೂರು ಪಾಯಿಂಟ್‌ಗೊಬ್ಬ: 6ಕ್ಕೆ ನಾಲ್ಕನೆಯವನು, 9ಕ್ಕೆ ಐದನೆಯವನು, 12ಕ್ಕೆ ಆರನೆಯವನು. 18ರಲ್ಲಿ ಎಂಟು ಜನ, 20ರಲ್ಲೂ ಎಂಟೇ ಜನ. ಮಂತ್ರದಂಡದಿಂದ ಇನ್ನೊಂದು ಪಾಯಿಂಟ್ ಸೇರಿ 21 ಆದರೆ ಒಂಬತ್ತು. ನಾಲ್ಕನೇ ಪಾಯಿಂಟ್ ಹಾಕಿ ಹೊಸಬ ಬರಲಿಲ್ಲವೆಂದು ಗೊಣಗುವವರು ಈ ಲೆಕ್ಕ ನೋಡಿರುವುದಿಲ್ಲ. ಸ್ಕೆಲಿಟನ್ ಮಾಸ್ಟರಿ ತಲೆ ಎಣಿಕೆ ಹೆಚ್ಚಿಸುವುದಿಲ್ಲ, ಪಾಯಿಂಟ್‌ಗೆ 8 ಪ್ರಾಣ ಮತ್ತು 2 ಏಟು ಕೂಡಿಸುತ್ತದೆ. ಎಂಟು ಜನರಿದ್ದಾಗ ಆ 2 ಅಂದರೆ 16. ಅದಕ್ಕೇ ದಂಡು ಚಿಕ್ಕದಿರುವಾಗ ರೇಸ್ ಸ್ಕೆಲಿಟನ್, ದಂಡು ಬೆಳೆದಂತೆ ಮಾಸ್ಟರಿ. ಮೊದಲ ಕಷ್ಟದ ಮಟ್ಟವಾದ ನಾರ್ಮಲ್ ಮುಗಿಸುವಾಗ ಲೆವೆಲ್ 30 ಎಂದಿಟ್ಟುಕೊಳ್ಳಿ. ಲೆವೆಲ್‌ನಿಂದ 29, ಕ್ವೆಸ್ಟ್‌ಗಳಿಂದ 4, ಒಟ್ಟು 33 ಪಾಯಿಂಟ್. ಇದರಲ್ಲಿ ಒಂದೊಂದೇ ಪಾಯಿಂಟ್ ಬೇಡುವ ಸ್ಕಿಲ್‌ಗಳು ಸುಮಾರು ಹತ್ತನ್ನು ನುಂಗುತ್ತವೆ. ಮಿಕ್ಕ 23ರಲ್ಲಿ 15 ರೇಸ್ ಸ್ಕೆಲಿಟನ್‌ಗೆ, 8 ಮಾಸ್ಟರಿಗೆ ಕೊಟ್ಟರೆ ಪಡೆ ಚೆನ್ನಾಗಿ ನಿಲ್ಲುತ್ತದೆ. ಮಂತ್ರ ಎಸೆಯುವ ಅಸ್ಥಿಪಂಜರಗಳಾದ ಸ್ಕೆಲಿಟಲ್ ಮೇಜ್‌ಗಳಿಗೆ ಒಂದು ಸಾಕು. ಅವರ ಏಟಿಗಿಂತ ಅವರು ಮಾಡುವ ಗದ್ದಲವೇ ಜಾಸ್ತಿ.

ಆ ಒಂದೊಂದು ಪಾಯಿಂಟ್‌ಗಳಲ್ಲಿ ಅತಿ ಬೆಲೆ ಬಾಳುವುದು ಆಂಪ್ಲಿಫೈ ಡ್ಯಾಮೇಜ್ ಶಾಪ. ಒಂದನೇ ಲೆವೆಲ್‌ನಲ್ಲೇ ಸಿಗುತ್ತದೆ, ಮಾನಾ ಖರ್ಚು ಬರೀ 4. ಶತ್ರುವಿನ ದೈಹಿಕ ತಡೆಯಿಂದ ಅದು 100 ಕಳೆಯುತ್ತದೆ. ತಡೆಯೇ ಇಲ್ಲದವನಿಗೆ ಏಟು ದುಪ್ಪಟ್ಟು, ಇದು ಎಲ್ಲರಿಗೂ ಗೊತ್ತು. ಗಟ್ಟಿ ಶತ್ರುವಿನ ಮೇಲೆ ಲಾಭ ಇನ್ನೂ ಹೆಚ್ಚು ಎಂಬುದನ್ನು ಹಲವರು ಗಮನಿಸುವುದಿಲ್ಲ. ಶೇ. 50 ತಡೆ ಇರುವವನಿಗೆ 20ರ ಏಟು ತಾಗುವುದು 10 ಆಗಿ. ಶಾಪ ಬಿದ್ದ ಮೇಲೆ ತಡೆ ಸೊನ್ನೆಗಿಂತ 50 ಕೆಳಗೆ ಇಳಿದು ಅದೇ ಏಟು 30 ಆಗುತ್ತದೆ, ಅಂದರೆ ಮೂರು ಪಟ್ಟು. ಕೊರತೆ ಎಂದರೆ ಒಂದನೇ ಮಟ್ಟದಲ್ಲಿ ಅದರ ವ್ಯಾಪ್ತಿ ಚಿಕ್ಕದು, 8 ಸೆಕೆಂಡಿಗೆ ಇಳಿದುಹೋಗುತ್ತದೆ. ಅದಕ್ಕೆಂದು ಇನ್ನಷ್ಟು ಪಾಯಿಂಟ್ ಸುರಿಯಬೇಡಿ, ಮತ್ತೆ ಮತ್ತೆ ಹಾಕಿದರಾಯಿತು. ಪಡೆ ಕಾದಾಡುವಾಗ ನಿಮಗೆ ಬೇರೆ ಕೆಲಸವಾದರೂ ಏನಿದೆ?

ಆರನೇ ಲೆವೆಲ್‌ಗೆ ನಮಗೆ ಬೇಕಾದವು ಎರಡು ಬರುತ್ತವೆ, ಮಣ್ಣಿನ ಗೊಂಬೆ ಹುಟ್ಟಿಸುವ ಕ್ಲೇ ಗೋಲೆಮ್ ಮತ್ತು ಕಾರ್ಪ್ಸ್ ಎಕ್ಸ್‌ಪ್ಲೋಷನ್. ಎರಡನೆಯದಕ್ಕೆ ಮೊದಲು ಟೀತ್ ಎಂಬ ಸ್ಕಿಲ್‌ಗೆ ಒಂದು ಪಾಯಿಂಟ್ ದಂಡ ಕಟ್ಟಬೇಕು. ಹೆಣ ಸಿಡಿಸುವ ಈ ಸ್ಕಿಲ್‌ನ ಏಟು ನಿಮ್ಮ ಬಲದ್ದಲ್ಲ, ಸತ್ತವನ ಪ್ರಾಣದ ಒಂದು ಪಾಲು, ಅರ್ಧ ಬೆಂಕಿ, ಅರ್ಧ ದೈಹಿಕ. ಶತ್ರು ಬಲಿತಷ್ಟೂ ಅವನ ಹೆಣವೂ ಬಲಿಯುತ್ತದೆ, ಆದ್ದರಿಂದ ಒಂದೇ ಪಾಯಿಂಟ್‌ನಲ್ಲಿ ಇದು ಕೊನೆಯವರೆಗೂ ಹಳತಾಗುವುದಿಲ್ಲ. ಗುಂಪು ಎದುರಾದಾಗ ಕ್ರಮ ಹೀಗೆ: ಗುಂಪಿನ ಮೇಲೆ ಆಂಪ್ಲಿಫೈ, ಪಡೆ ಒಬ್ಬನನ್ನು ಕೆಡಹುವವರೆಗೆ ತಾಳ್ಮೆ, ಆ ಹೆಣ ಸಿಡಿಸಿ, ಬಿದ್ದ ಮುಂದಿನ ಹೆಣ ಸಿಡಿಸಿ. ನಾಲ್ಕನೆಯದು ಸಿಡಿಯುವಷ್ಟರಲ್ಲಿ ಅಂಗಳ ಗುಡಿಸಿದ ಹಾಗೆ. ಆಸೆಬುರುಕತನದಿಂದ ಎಲ್ಲವನ್ನೂ ಸಿಡಿಸಿ, ಆಮೇಲೆ ನೋಡಿದರೆ ಮೂರು ಅಸ್ಥಿಪಂಜರ ಕಾಣೆ, ಎಬ್ಬಿಸಲು ಒಂದೂ ಹೆಣ ಇಲ್ಲ, ಇದು ಎಲ್ಲರ ಕೈಯಲ್ಲೂ ಆಗುವ ಎಡವಟ್ಟು. ಮೊದಲು ತಲೆ ಎಣಿಸಿ, ಆಮೇಲೆ ಸಿಡಿಸಿ.

ಕೂಲಿ ಸೈನಿಕರ ವಿಷಯದಲ್ಲೂ ಹೆಣದ ಲೆಕ್ಕವೇ ಮುಖ್ಯ. ಆ್ಯಕ್ಟ್ 1ರ ಶತ್ರು ಬ್ಲಡ್ ರೇವನ್‌ಳನ್ನು ಕೊಂದರೆ ಊರಿನ ಕಶ್ಯಾ ಬಿಲ್ಲುಗಾರ್ತಿಯೊಬ್ಬಳನ್ನು ಕೊಡುತ್ತಾಳೆ. ಶೀತ ಬಾಣದವಳು ಬಂದರೆ ಶತ್ರು ಹೆಪ್ಪುಗಟ್ಟಿ ಚೂರುಚೂರಾಗಿ ಒಡೆಯುತ್ತಾನೆ, ಚೂರಾದವನ ಹೆಣ ಉಳಿಯುವುದಿಲ್ಲ. ಬೇರೆಯವರಿಗೆ ವರವಾದದ್ದು ನಿಮಗೆ ಕಳ್ಳತನ. ಬೆಂಕಿ ಬಾಣದವಳನ್ನೇ ಆರಿಸಿ. ಆ್ಯಕ್ಟ್ 2 ಮುಟ್ಟಿದ ಮೇಲೆ ಗ್ರೈಜ್‌ನ ಬಳಿಯ ಭರ್ಜಿಯವನನ್ನು ಹಿಡಿದರೆ ಇನ್ನೂ ಒಳ್ಳೆಯದು. ಎರಡನೇ ಕಷ್ಟದ ಮಟ್ಟವಾದ ನೈಟ್‌ಮೇರ್‌ನಲ್ಲಿ ಸಿಗುವ ಮೈಟ್ ಆರಾದವನು ಇಡೀ ಪಡೆಯ ಏಟನ್ನು ಏರಿಸುತ್ತಾನೆ, ಅಲ್ಲಿಗೆ ಹೋದೊಡನೆ ಬದಲಿಸಿಕೊಳ್ಳಿ.

ಆ್ಯಕ್ಟ್ 2ರ ಮ್ಯಾಗಟ್ ಲೇರ್ ಈ ಪಾತ್ರಕ್ಕೆ ನಿಜವಾದ ನರಕ. ಒಬ್ಬೊಬ್ಬರೇ ಸಾಗುವಷ್ಟು ಇಕ್ಕಟ್ಟಾದ ಸುರಂಗ. ಮುಂದೆ ಹುಳು, ನಡುವೆ ನೀವು, ಹಿಂದೆ ಸಾಲುಗಟ್ಟಿ ನಿಂತ ಆರು ಸೈನಿಕರು. ಹಿಂದಕ್ಕೆ ಸರಿಯೋಣವೆಂದರೆ ನಿಮ್ಮವರೇ ಬಾಗಿಲು ಮುಚ್ಚಿದ್ದಾರೆ. ಇಲ್ಲಿ ದೊಡ್ಡ ದಂಡು ಬಲವಲ್ಲ, ಭಾರ. ಎಬ್ಬಿಸಿದವರನ್ನು ಕಳಿಸಿಬಿಡುವ ಅನ್‌ಸಮನ್ ಬಳಸಿ ಇಬ್ಬರು ಮೂವರನ್ನು ಮಾತ್ರ ಉಳಿಸಿಕೊಳ್ಳಿ. ಗೋಲೆಮ್‌ಗೆ ಹೆಣ ಬೇಡ, ಮಾನಾ ಇದ್ದರೆ ಸಾಕು. ಅದನ್ನು ಸುರಂಗದ ಮುಂಭಾಗದಲ್ಲೇ ಹುಟ್ಟಿಸಿ, ಅದು ತಡೆದು ನಿಲ್ಲಲಿ, ಮೊದಲ ಹೆಣ ಬಿದ್ದೊಡನೆ ಸಿಡಿಸುತ್ತ ಸಾಗಿ. ಸಾಲು ತೀರಾ ಕಗ್ಗಂಟಾದರೆ ಊರಿಗೆ ಒಯ್ಯುವ ಮಾಯಾದ್ವಾರ ಟೌನ್ ಪೋರ್ಟಲ್ ತೆರೆದು ಊರಿಗೆ ಹೋಗಿ ಬನ್ನಿ. ವಾಪಸ್ ಬಂದಾಗ ಎಲ್ಲರೂ ನಿಮ್ಮ ಸುತ್ತ ಹೊಸದಾಗಿ ನಿಂತಿರುತ್ತಾರೆ. ಮೂರನೇ ಅಂತಸ್ತಿನ ಪೆಟ್ಟಿಗೆಯಿಂದ ಕಥೆ ಮುಂದುವರಿಸಲು ಬೇಕಾದ ಸ್ಟಾಫ್ ಆಫ್ ಕಿಂಗ್ಸ್ ಸಿಕ್ಕಮೇಲೆ ಅಲ್ಲಿ ಒಂದು ಕ್ಷಣವೂ ನಿಲ್ಲುವ ಕಾರಣವಿಲ್ಲ.

ಅದೇ ಆ್ಯಕ್ಟಿನ ಕೊನೆಗೆ ಡ್ಯೂರಿಯಲ್ ಎಂಬ ದೈತ್ಯ. ಸಣ್ಣ ಕೋಣೆ, ಒಬ್ಬನೇ ಶತ್ರು, ಬೇರೆ ಹೆಣ ಇಲ್ಲವೇ ಇಲ್ಲ. ಬಿದ್ದ ಸೈನಿಕ ಬಿದ್ದ ಹಾಗೇ. ಒಳಗೆ ಕಾಲಿಟ್ಟೊಡನೆ ಮಾಡುವ ಮೊದಲ ಕೆಲಸ ಟೌನ್ ಪೋರ್ಟಲ್ ತೆರೆಯುವುದು, ಎರಡನೆಯದು ಆಂಪ್ಲಿಫೈ. ಕ್ಲೇ ಗೋಲೆಮ್ ಮುಟ್ಟಿದವರನ್ನು ನಿಧಾನಗೊಳಿಸುತ್ತದೆ, ಡ್ಯೂರಿಯಲ್‌ಗೂ ಇದು ಅನ್ವಯ. ಅದು ಸತ್ತ ಕೂಡಲೇ ಮತ್ತೊಂದು ಹುಟ್ಟಿಸುತ್ತಿರಿ. ಪಡೆ ಪೂರ್ತಿ ಕರಗಿತೋ, ಪೋರ್ಟಲ್‌ನಿಂದ ಊರಿಗೆ ಹಾರಿ, ವೇಪಾಯಿಂಟ್ ಹಿಡಿದು ಡ್ರೈ ಹಿಲ್ಸ್‌ಗೆ ಹೋಗಿ ಹೊಸ ದಂಡು ಕಟ್ಟಿಕೊಂಡು ಊರಿಗೆ ಮರಳಿ, ಅದೇ ಪೋರ್ಟಲ್‌ನೊಳಗೆ ನುಗ್ಗಿ. ನೀವು ವಾಪಸ್ ಒಳಗೆ ಹೋಗುವವರೆಗೆ ಅದು ತೆರೆದೇ ಇರುತ್ತದೆ.

24ನೇ ಲೆವೆಲ್‌ಗೆ ಡಿಕ್ರೆಪಿಫೈ ಶಾಪ ಸಿಕ್ಕಮೇಲೆ ಇಂಥ ದೊಡ್ಡವರ ಕಾಟ ಅರ್ಧ ಇಳಿಯುತ್ತದೆ. ದಾರಿಯಲ್ಲಿ ವೀಕನ್, ಟೆರರ್ ಎಂಬ ಶಾಪಗಳಿಗೂ ಒಂದೊಂದು ಪಾಯಿಂಟ್ ಹೋಗುತ್ತದೆ, ಹೋಗಲಿ. ಡಿಕ್ರೆಪಿಫೈ ಶತ್ರುವಿನ ವೇಗವನ್ನೂ ದೈಹಿಕ ತಡೆಯನ್ನೂ 50ರಷ್ಟು ಇಳಿಸುತ್ತದೆ. ಒಬ್ಬ ಶತ್ರುವಿನ ಮೇಲೆ ಒಂದೇ ಶಾಪ ನಿಲ್ಲುವುದರಿಂದ ಇದನ್ನು ಹಾಕಿದರೆ ಆಂಪ್ಲಿಫೈ ಅಳಿಯುತ್ತದೆ. ಗುಂಪಿಗೆ ಆಂಪ್ಲಿಫೈ, ದೈತ್ಯನಿಗೆ ಡಿಕ್ರೆಪಿಫೈ.

ಸಾಮಾನಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಪಾತ್ರ ಇದಲ್ಲ. ಎರಡು ತೂತಿನ ಸಾದಾ ಅಂಗಿಗೆ ಟಾಲ್, ಎಥ್ ಎಂಬ ರೂನ್‌ಗಳನ್ನು (ತೂತಿಗೆ ಇಡುವ ಮಂತ್ರದ ಕಲ್ಲು) ಇಟ್ಟರೆ 17ನೇ ಲೆವೆಲ್‌ಗೆ ಸ್ಟೆಲ್ತ್ ಎಂಬ ಅಂಗಿ. ಎರಡೂ ರೂನ್‌ಗಳನ್ನು ಫರ್ಗಾಟನ್ ಟವರ್‌ನ ಕೌಂಟೆಸ್ ಉದುರಿಸುತ್ತಾಳೆ. ಆ್ಯಕ್ಟ್ 5ರಲ್ಲಿ ಸೆರೆಸಿಕ್ಕ 15 ಸೈನಿಕರನ್ನು ಬಿಡಿಸಿದರೆ ರಾಲ್, ಆರ್ಟ್, ಟಾಲ್ ಬಹುಮಾನ. ಅದೇ ಕ್ರಮದಲ್ಲಿ ಮೂರು ತೂತಿನ ಗುರಾಣಿಗೆ ಇಟ್ಟರೆ ಏನ್ಷಿಯಂಟ್ಸ್ ಪ್ಲೆಡ್ಜ್. ನೈಟ್‌ಮೇರ್‌ನಲ್ಲಿ ಎಲ್ಲ ತಡೆಗಳಿಂದ 40 ಕಳೆಯುವಾಗ ಅದರ ಬೆಲೆ ತಿಳಿಯುತ್ತದೆ. ಇನ್ನು ಇನ್‌ಸೈಟ್: ಸರಿಯಾಗಿ ನಾಲ್ಕು ತೂತಿನ ಪೋಲ್‌ಆರ್ಮ್ (ಉದ್ದ ಕೋಲಿನ ಆಯುಧ), ರಾಲ್, ಟಿರ್, ಟಾಲ್, ಸೋಲ್, 27ನೇ ಲೆವೆಲ್. ಭರ್ಜಿಯವನ ಕೈಗೆ ಕೊಟ್ಟರೆ ಮಾನಾ ಚಿಂತೆ ತೀರಿತು. ನೀಲಿ ಹೆಸರಿನ ಮಾಂತ್ರಿಕ ಆಯುಧಕ್ಕೆ ಇಟ್ಟರೆ, ಐದು ತೂತಿನದಕ್ಕೆ ಇಟ್ಟರೆ, ಕ್ರಮ ತಪ್ಪಿದರೆ ನಾಲ್ಕೂ ರೂನ್ ನೀರಿಗೆ ಎಸೆದ ಹಾಗೆ. ಅದೇ ಇನ್‌ಸೈಟ್‌ನಿಂದ ಐರನ್ ಗೋಲೆಮ್ ಮಾಡುವ ಉಮೇದು ಕೆಲವರಿಗೆ. ಗೋಲೆಮ್ ಸತ್ತರೆ ಆಯುಧವೂ ಹೋಯಿತು. ಲೆವೆಲ್ ಏರಿಸುವಾಗ ಅದು ಮೂಗಿಗಿಂತ ಮೂಗುತಿ ಭಾರ.

ಆಫ್‌ಲೈನ್ ಆಡುವವರು ಪ್ಲೇಯರ್ಸ್ ಆದೇಶದಿಂದ ಆಟಗಾರರ ಸಂಖ್ಯೆ ಏರಿಸಬಹುದು. 3 ಹಾಕಿದರೆ ಶತ್ರುವಿನ ಪ್ರಾಣವೂ ಸಿಗುವ ಅನುಭವವೂ ದುಪ್ಪಟ್ಟು, 8ಕ್ಕೆ ಎರಡೂ ನಾಲ್ಕೂವರೆ ಪಟ್ಟು. ಸೀದಾ 8ಕ್ಕೆ ಜಿಗಿಯುವವರು ಮರೆಯುವುದೇನೆಂದರೆ, ಪ್ರಾಣ ಹೆಚ್ಚಿದಷ್ಟೂ ಮೊದಲ ಹೆಣ ಬೀಳುವುದು ತಡವಾಗುತ್ತದೆ, ಅಷ್ಟರಲ್ಲಿ ಪಡೆಯೇ ಸವೆದಿರುತ್ತದೆ. ನಾರ್ಮಲ್‌ನಲ್ಲಿ 3 ಹದವಾದ ಸಂಖ್ಯೆ. ಡ್ಯೂರಿಯಲ್‌ನಂಥ ಕಡೆ ಗೇಮ್ ಶುರು ಮಾಡುವಾಗಲೇ 1ಕ್ಕೆ ಇಳಿಸಿ.

ಆ್ಯಕ್ಟ್ 3 ಮತ್ತು 4 ಸರಾಗ. ಆ್ಯಕ್ಟ್ 4ರ ಶತ್ರು ಇಜುವಲ್‌ನನ್ನು ಮಾತ್ರ ಬಿಡಬೇಡಿ, ಅವನಿಂದ ಎರಡು ಪಾಯಿಂಟ್. ಆ್ಯಕ್ಟ್ 5ರಲ್ಲಿ ಆಟ ನಿಮ್ಮ ವಿದ್ಯೆಯನ್ನು ನಿಮ್ಮ ಮೇಲೇ ತಿರುಗಿಸುತ್ತದೆ. ಹಾಲ್ಸ್ ಆಫ್ ವಾಟ್‌ನ ನಿಹ್ಲತಾಕ್ ಕೂಡ ಹೆಣ ಸಿಡಿಸುವವನೇ. ಅವನ ಸುತ್ತ ಬಿದ್ದ ಪ್ರತಿ ಹೆಣವೂ ಅವನ ಬಾಂಬು. ಅವನ ಬಳಿ ಹೋಗುವ ಮೊದಲೇ ಸುತ್ತಲಿನವರನ್ನು ದೂರಕ್ಕೆ ಎಳೆದು ಕೊಂದು, ಹೆಣಗಳನ್ನೆಲ್ಲ ನೀವೇ ಸಿಡಿಸಿಯೋ ಎಬ್ಬಿಸಿಯೋ ಮುಗಿಸಿಬಿಡಿ. ಶಾಮನ್‌ಗೆ ಮಾಡಿದ್ದೇ ಇಲ್ಲೂ.

ಅರಿಯಟ್ ಶಿಖರದ ಮೂವರು ಏನ್ಷಿಯಂಟ್‌ಗಳ ಮುಂದೆ ಆ ಉಪಾಯವೂ ನಡೆಯದು. ಅವರು ಕಲ್ಲಿನ ಪ್ರತಿಮೆಗಳು, ಸತ್ತರೆ ಮತ್ತೆ ಕಲ್ಲು, ಹೆಣ ಬಿಡುವುದಿಲ್ಲ. ನಾರ್ಮಲ್‌ನಲ್ಲಿ ಲೆವೆಲ್ 20 ಆಗದೆ ಅವರು ಏಳುವುದೂ ಇಲ್ಲ. ಊರಿಗೆ ಹೋದರೆ ಮೂವರೂ ಹೊಸದಾಗಿ ನಿಲ್ಲುತ್ತಾರೆ, ಆದ್ದರಿಂದ ಡ್ಯೂರಿಯಲ್‌ಗೆ ಮಾಡಿದ ಪೋರ್ಟಲ್ ಆಟ ಇಲ್ಲಿಲ್ಲ. ಏನ್ಷಿಯಂಟ್ಸ್ ವೇ ದಾರಿಯಲ್ಲೇ ಲೆಕ್ಕ ಭರ್ತಿ ಮಾಡಿಕೊಂಡು ಮೇಲೆ ಹತ್ತಿ, ಪೀಠ ಮುಟ್ಟುವ ಮೊದಲು ಇನ್ನೊಮ್ಮೆ ತಲೆ ಎಣಿಸಿ. ಮೂವರಿಗೂ ಡಿಕ್ರೆಪಿಫೈ ಬಿಡದೆ ಹಾಕುತ್ತಿರಿ, ಅದು ನಿಲ್ಲುವುದು 4 ಸೆಕೆಂಡ್ ಮಾತ್ರ. ಕೊಡಲಿ ಎಸೆಯುವ ಮಾಡಾಕ್ ನಿಮ್ಮನ್ನೇ ಗುರಿ ಮಾಡುತ್ತಿದ್ದರೆ ಗೋಲೆಮ್ ಅವನ ಕಾಲ ಬುಡದಲ್ಲೇ ಹುಟ್ಟಲಿ. ಅರ್ಧ ಪಡೆ ಮೊದಲ ನಿಮಿಷದಲ್ಲೇ ಕರಗಿದರೆ ಹಟ ಹಿಡಿಯದೆ ಊರಿಗೆ ಹೋಗಿ. ಮುಂದಿನ ಸಲ ಅವರ ಹೆಚ್ಚುವರಿ ಶಕ್ತಿಗಳು ಬೇರೆ ಇರುತ್ತವೆ, ಕೆಲವೊಮ್ಮೆ ಅಷ್ಟರಿಂದಲೇ ಕೆಲಸ ಸಲೀಸಾಗುತ್ತದೆ. ಗೆದ್ದರೆ ವರ್ಲ್ಡ್‌ಸ್ಟೋನ್ ಕೀಪ್‌ನ ಬಾಗಿಲು ತೆರೆಯುತ್ತದೆ. ಅದರ ಮೊದಲ ಅಂತಸ್ತಿನಲ್ಲಿ ಹೆಣಗಳಿಗೆ ಬರವಿಲ್ಲ, ಎರಡನೆಯದರಲ್ಲಿ ವೇಪಾಯಿಂಟ್ ಇದೆ.