ಗುಂಪಿಗೆ ಫೋಟೊ ಹಾಕುವ ಮುನ್ನ

ಕೆ.ಆರ್. ಮಾರ್ಕೆಟ್ಟಿನ ಚೆಂಡುಹೂವಿನ ರಾಶಿ ಕ್ಯಾಮೆರಾದಲ್ಲಿ ಉರಿಯುವ ಕಿತ್ತಳೆ, ವಾಟ್ಸಾಪ್ ಗುಂಪಿಗೆ ಹಾಕಿದರೆ ಮಂಕು. ಲೆನ್ಸನ್ನು ಬೈಯಬೇಡಿ. ಅಡೋಬಿ ಆರ್‌ಜಿಬಿ ಎಂಬ ಹೆಚ್ಚು ವಿಸ್ತಾರದ ಬಣ್ಣದ ವ್ಯವಸ್ಥೆಯಲ್ಲೇ ಉಳಿದ ಫೈಲನ್ನು, ಅದರಲ್ಲಿರುವ ಬಣ್ಣದ ಗುರುತು (ಪ್ರೊಫೈಲ್) ಓದದ ಆ್ಯಪ್ ಸಪ್ಪೆಯಾಗಿ ತೋರಿಸುತ್ತದೆ. ಸಾಮಾನ್ಯ ಪರದೆಗಳ ಬಣ್ಣದ ವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಬದಲಿಸಿ, ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 85 ಮೊಬೈಲ್ ಪರದೆಗೆ ಧಾರಾಳ. ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚುರುಕಾಗಿಸುವುದು, ಅಳತೆ ಇಳಿಸಿದ ಮೇಲೆ.

ವಾಟ್ಸಾಪಿನಲ್ಲಿ ಫೋಟೊ ಎಂದೇ ಕಳಿಸಿದರೆ ಆ್ಯಪ್ ಫೈಲನ್ನು ಮತ್ತೆ ಹಿಂಡಿ ಚಿಕ್ಕದು ಮಾಡುತ್ತದೆ, ನಸುಕಿನ ನೆರಳಿನಲ್ಲಿ ಚೌಕ ಚೌಕ ಕಲೆ ಏಳುತ್ತವೆ. ಷಟರ್ ಎಷ್ಟು, ಐಎಸ್‌ಒ ಎಷ್ಟು ಎಂದು ಕೇಳುವವರು ಬಹಳ. ಹೂ ಕಟ್ಟುವಾಕೆಗೆ ಒಂದು ಪ್ರಿಂಟ್ ಕೊಟ್ಟಿರಾ ಎಂದು ಕೇಳುವವರು ಏಕೋ ಕಡಿಮೆ. ಇರಲಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ತಲುಪುತ್ತದೆ, ಫೋಟೊ ತೆಗೆದ ಜಾಗದ ಜಿಪಿಎಸ್ ವಿವರ ಅದರಲ್ಲಿದ್ದರೆ ಅದೂ ಜೊತೆಗೆ ಹೋಗುತ್ತದೆ. ಮಾರ್ಕೆಟ್ಟಿಗೆ ಅಡ್ಡಿಯಿಲ್ಲ, ಯಾರದೋ ಮನೆ ಜಗಲಿಯ ಚಿತ್ರವಾದರೆ ಎಕ್ಸ್‌ಪೋರ್ಟ್ ಮಾಡುವಾಗಲೇ ಲೊಕೇಶನ್ ತೆಗೆದುಬಿಡಿ.