ಐದನೇ ಗೂಡು: ಹೆಂಚಿಗೆ ಸಿಡುಬು

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಮಾಡಿನಲ್ಲಿ, ಮಂಗಳೂರು ಜೆಪ್ಪುವಿನ ಬಾಸೆಲ್ ಮಿಶನ್ ಮುದ್ರೆಯ ಹಳೆ ಹೆಂಚುಗಳ ಪಕ್ಕ ಕೂರಬೇಕಾದ, ನಮ್ಮ ಐದನೇ ಗೂಡಿನಲ್ಲಿ ಸುಟ್ಟ ಹೊಸ ಹೆಂಚುಗಳು ಇವು. ಅಚ್ಚು, ಒಣಗಿಸುವುದು, 950 ಡಿಗ್ರಿ ಉರಿ, ಎಲ್ಲ ಎಂದಿನಂತೆಯೇ. ಒಳ್ಳೆ ಕೆಂಪು, ಬಡಿದರೆ ಟಣ್ ಎನ್ನುವ ಸದ್ದು. ಮೂರನೇ ದಿನ ಮಳೆ ಹಿಡಿಯಿತು ನೋಡಿ, ಮೈತುಂಬ ಕುಳಿ. ಪ್ರತಿ ಕುಳಿಯ ತಳದಲ್ಲೂ ಸಾಸಿವೆ ಗಾತ್ರದ ಬಿಳಿ ಚುಕ್ಕೆ.

ಸುಣ್ಣ! ಗದ್ದೆಮಣ್ಣಿನಲ್ಲಿ ಬಸವನಹುಳುವಿನ ಚಿಪ್ಪು ಇದ್ದೇ ಇರುತ್ತದೆ. ಮಣ್ಣಿನ ಹುಳಿ ತಗ್ಗಿಸಲು ಕಾಫಿ ತೋಟಕ್ಕೆ ಎರಚಿದ ಸುಣ್ಣವೂ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ಗೂಡಿನಲ್ಲಿ ಅದು ಸುಟ್ಟಸುಣ್ಣವಾಗಿ, ಆಮೇಲೆ ಗಾಳಿಯ ತೇವ ಕುಡಿದು ಅರಳುವಾಗ ಗಾತ್ರ ಹೆಚ್ಚುಕಡಿಮೆ ಎರಡರಷ್ಟು. ಹೆಂಚಿನೊಳಗೆ ಅಷ್ಟು ಜಾಗ ಎಲ್ಲಿದೆ?

‘ಸೋಸಿದ ಮಣ್ಣು’ ಎಂದು ಲೋಡ್ ಕಳಿಸಿದವರು ಬಹುಶಃ ಹಂದಿಬೇಲಿಯಲ್ಲಿ ಸೋಸಿದ್ದರು. ಹವಾಯಿ ಚಪ್ಪಲಿಯ ಪಟ್ಟಿಯೂ ಸಿಕ್ಕಿತು. ಇನ್ನು ಮುಂದೆ ಲಾರಿ ಇಳಿಸುವ ಮೊದಲೇ ಉಂಡೆ ಒಡೆದು ವಿನಿಗರ್ ಹನಿಸುವುದು, ನೊರೆ ಎದ್ದರೆ ಲೋಡ್ ವಾಪಸ್. ಕೊಡಗಿನ ಕಾಚಂಪುಳಿಯ ಹುಳಿರಸವೂ ಆದೀತು, ಆದರೆ ಅದು ಹಂದಿಮಾಂಸದ ಪಂದಿಕರಿಗಿರಲಿ.

ಚಿಪ್ಪನ್ನು ಮಣ್ಣು ಅರೆಯುವ ರೋಲರ್‌ಗೆ ಕೊಟ್ಟರೆ ಒಂದು ಚೂರು ಹತ್ತಾಗುತ್ತದೆ ಅಷ್ಟೆ. ಪೂರ್ತಿ ಹಿಟ್ಟಾದರೆ ಮಾತ್ರ ನಿರುಪದ್ರವಿ. ಸರಿಯಾದ ದಾರಿ: ಒಂದು ಪಾಲು ಮಣ್ಣನ್ನು ಮೂರು ಪಾಲು ನೀರಲ್ಲಿ ಕದಡಿ 40 ಮೆಶ್ (ಇಂಚಿಗೆ 40 ಕಣ್ಣಿನ) ಜರಡಿ ಹಿಡಿದು, ತಿಳಿನೀರು ಬಸಿಯುವುದು. ಆದರೆ ಆಷಾಢದಲ್ಲಿ ಆ ಕೆಸರು ಒಣಗಬೇಕಲ್ಲ! ಉಪ್ಪು ಬೆರೆಸುವ ಉಪಾಯವೂ ಉಂಟು, ಅರ್ಧದಿಂದ ಒಂದು ಶೇಕಡಾ. ಅದರ ಹೊಗೆ ಗೂಡಿನ ಬಿಸಿ ಅಳೆಯುವ ಥರ್ಮೋಕಪಲ್ ತಿನ್ನುತ್ತದೆ ಎಂದು ಬಿಟ್ಟೆವು.

ಈಗಾಗಲೇ ಸುಟ್ಟದ್ದಕ್ಕೆ ಮದ್ದು ಸಿಕ್ಕಿದ್ದು ಕುಶಾಲನಗರದ ಕಡೆ ಒಂದೇ ಮನೆಯವರು ತಲೆಮಾರುಗಳಿಂದ ನಡೆಸುತ್ತಿರುವ ಇಟ್ಟಿಗೆ-ಹೆಂಚಿನ ಭಟ್ಟಿಯಲ್ಲಿ. ಗೂಡಿನ ಬಾಯಿಯ ಪಕ್ಕ ನೀರಿನ ತೊಟ್ಟಿ ಇದೆ. ಬೂದಿ ತೊಳೆಯಲಿಕ್ಕೆ ಎಂದುಕೊಂಡರೆ, ಅಲ್ಲ, ಸುಣ್ಣ ತಣಿಸಲಿಕ್ಕೆ. ಗೋಣಿ ಹಿಡಿದು ಎತ್ತುವಷ್ಟು ಬಿಸಿ ಇರುವಾಗಲೇ ಹೆಂಚನ್ನು ಪೂರ್ತಿ ಮುಳುಗಿಸಬೇಕು. ಅದಕ್ಕಿಂತ ಬಿಸಿ ಇದ್ದರೆ ಸೀಳುತ್ತದೆ, ತಣ್ಣಗಾಗಿ ವಾರ ಕಳೆದಿದ್ದರೆ ಪ್ರಯೋಜನವಿಲ್ಲ. ಅರ್ಧ ಮುಳುಗಿದ್ದು ನೀರಿನ ಗೆರೆಯ ಮೇಲೆ ಸಿಡಿಯುತ್ತದೆ. ಗುಳ್ಳೆ ನಿಲ್ಲುವವರೆಗೆ ಬಿಡಿ. ನಮ್ಮದಕ್ಕೆ 20 ನಿಮಿಷ ಹಿಡಿಯಿತು.

ಪರೀಕ್ಷೆ ಅಕ್ಕಿತರಿಯ ಉಂಡೆ ಕಡಂಬುಟ್ಟು ಬೇಯಿಸುವ ಪಾತ್ರೆಯಲ್ಲಿ, ಮೂರು ಗಂಟೆ ಹಬೆ (ಅಡುಗೆಮನೆಯ ಒಪ್ಪಿಗೆ ಕೇಳಲಿಲ್ಲ). ಅದ್ದದ ಆರು ತುಂಡುಗಳೂ ಸಿಡಿದವು, ಅದ್ದಿದ ಆರರಲ್ಲಿ ಒಂದೇ. ಆ ಒಂದರಲ್ಲಿ ಮೆಣಸಿನಕಾಳಿನಷ್ಟು ದೊಡ್ಡ ಚಿಪ್ಪಿತ್ತು. ಅಂಥದ್ದಕ್ಕೆ ಜರಡಿಯೇ ಗತಿ.

ಮುಂದಿನದು ಮಾಡಿನ ನೆತ್ತಿಗೆ ಕೂರುವ ಬಾಗಿದ ಹೆಂಚು. ಅದು ದಪ್ಪ, ನೀರು ಒಳಗೆ ಇಳಿಯುವುದು ನಿಧಾನ. ಅದಕ್ಕೆ ಜರಡಿ ಮಣ್ಣೇ ಬೇಕು. ಜನವರಿ ಬಿಸಿಲಿಗೆ ಕದಡಲು ಎರಡು ಡ್ರಮ್ ಈಗಲೇ ತಂದಿಟ್ಟಾಯಿತು. ಒಂದರ ತಳ ಸೋರುತ್ತಿದೆ.